ಕೊನೆಯ ಇಪ್ಪತ್ತಾರು ಪುಟ

ಜೂನ್ 14, ಶನಿವಾರ

ಫಿಸಿಕ್ಸ್ ಪೇಪರಿನಲ್ಲಿ ಹದಿನಾಲ್ಕನೇ ಪ್ರಶ್ನೆ ಬಿಟ್ಟು ಬಂದದ್ದು ಹಳದೀಪುರ ದಾಟುವವರೆಗೂ ತಲೆಯಲ್ಲೇ ಇತ್ತು. ಆಮೇಲೆ ನಿದ್ದೆ ಬಂತು. ಹೊನ್ನಾವರದಲ್ಲಿ ಕಂಡಕ್ಟರ್ ಎಬ್ಬಿಸದಿದ್ದರೆ ಭಟ್ಕಳದವರೆಗೆ ಹೋಗಿಬಿಡುತ್ತಿದ್ದೆ. ಹೋಗಿದ್ದರೂ ಆಗುತ್ತಿತ್ತು ಅನಿಸುವಷ್ಟು ಸುಸ್ತು.

ಹೊಳೆ ನಡುವಿನ ನಮ್ಮ ದ್ವೀಪ ಮಾವಿನಕುರ್ವೆಯಲ್ಲಿ ಬೋಟುಗಳೆಲ್ಲ ದಡ ಹತ್ತಿವೆ. ಜುಲೈ ಮುಗಿಯುವವರೆಗೆ ಸಮುದ್ರ ಬಂದ್. ಮನೆಯಲ್ಲಿ ಅಜ್ಜ, ಅಜ್ಜಿ, ರಾಜೇಶ ಚಿಕ್ಕಪ್ಪ. ಅಪ್ಪ ಅಮ್ಮ ಗೋವಾದ ಮೀನು ಕಂಪನಿಯಲ್ಲಿ ಇರುವುದರಿಂದ ಐದನೇ ಕ್ಲಾಸಿನಿಂದ ನನಗೆ ಕುಮಟಾದ ಹಾಸ್ಟೆಲ್ಲೇ ಮನೆ, ಇಲ್ಲಿಗೆ ಬರುವುದು ರಜೆಗೆ ಮಾತ್ರ. ಅದಕ್ಕೇ ಇರಬೇಕು, ಅಜ್ಜಿ ಇವತ್ತೂ ನೆಂಟರ ಲೋಟದಲ್ಲಿ ಚಾ ಕೊಟ್ಟಳು.

ಅಮಿತಾ ಚಿಕ್ಕಮ್ಮ ಇಲ್ಲ. ಎಲ್ಲಿ ಅಂತ ಕೇಳಿದರೆ ಅಜ್ಜಿ, ಶಿರಾಲಿಗೆ, ಆಷಾಢಕ್ಕೆ ತವರಿಗೆ ಹೋಗಿದ್ದಾಳೆ ಅಂದಳು. ಆಷಾಢ ಶುರುವಾಗಲು ಇನ್ನೂ ಹನ್ನೆರಡು ದಿನ ಇದೆ. ಆಷಾಢಕ್ಕೆ ತವರಿಗೆ ಹೋಗುವುದು ಹೊಸ ಮದುಮಗಳು. ಚಿಕ್ಕಮ್ಮನ ಮದುವೆಯಾಗಿ ಆರು ವರ್ಷ. ನಾನು ಮತ್ತೆ ಕೇಳಲಿಲ್ಲ.

ಜೂನ್ 15, ಭಾನುವಾರ

ಅಜ್ಜ ಹೇಳಿದ, ಬಾವಿಕಟ್ಟೆಯಲ್ಲಿ, ಅಜ್ಜಿಗೆ ಕೇಳಿಸದ ಹಾಗೆ. ಚಿಕ್ಕಮ್ಮ ಹೋಗಿದ್ದು ಮೇ ತಿಂಗಳಲ್ಲಿ. ಹೊಡೆತ ಬಡಿತ ಏನೂ ಇಲ್ಲ. ಒಂದು ಮಧ್ಯಾಹ್ನ ಬಟ್ಟೆ ಮಡಚಿ ಬ್ಯಾಗಿಗೆ ಹಾಕಿ ಬಸ್ಸು ಹತ್ತಿದಳಂತೆ. ಅವಳ ಅಣ್ಣ ಫೋನ್ ಮಾಡಿದ್ದಾನೆ: ಶ್ರಾವಣ ಹುಟ್ಟುವವರೆಗೆ ಕಾಯುತ್ತೇವೆ, ಅಷ್ಟರೊಳಗೆ ಒಂದು ತೀರ್ಮಾನ ಆಗದಿದ್ದರೆ ಗಾಡಿ ಕಳಿಸುತ್ತೇವೆ, ಅವಳ ಟ್ರಂಕು ಮತ್ತು ಹೊಲಿಗೆ ಮಿಷನ್ ಕೊಟ್ಟು ಕಳಿಸಿ.

ಚಿಕ್ಕಪ್ಪ ಯಾವಾಗಲೂ ಮಾತು ಕಡಿಮೆ. ಈಗ ಪೂರ್ತಿ ನಿಂತಿದೆ. ಅನ್ನ ಬೇಕಾದರೆ ತಟ್ಟೆ ಮುಂದೆ ತಳ್ಳುತ್ತಾನೆ.

ಊಟ ಸೇರಲಿಲ್ಲ. ಹದಿನಾಲ್ಕನೇ ಪ್ರಶ್ನೆಗೆ ಎಂಟು ಮಾರ್ಕ್ಸ್.

ಜೂನ್ 17, ಮಂಗಳವಾರ

ಕರೆಂಟ್ ಹೋಗಿ ಎರಡು ದಿನ. ಫೋನ್ ಸತ್ತಿದೆ. ಮಲಗಿ ಮಲಗಿ ಬೆನ್ನು ನೋಯುತ್ತಿದೆ.

ಮಂಚದ ಕೆಳಗೆ ಚಿಕ್ಕಮ್ಮನ ಟ್ರಂಕು. ಅದರ ಪಕ್ಕ ಒಂದು ರಟ್ಟಿನ ಡಬ್ಬದಲ್ಲಿ ಹನ್ನೊಂದು ಇಂಗ್ಲಿಷ್ ಕಾದಂಬರಿ. ಚಿಕ್ಕಮ್ಮ ಹೊಳೆದಡದ ಹೋಮ್‌ಸ್ಟೇಯಲ್ಲಿ ರೂಮು ಗುಡಿಸುತ್ತಿದ್ದಳು. ಪ್ರವಾಸಿಗಳು ಓದಿ ಬಿಟ್ಟು ಹೋದವು ಇರಬೇಕು. ಎಲ್ಲದರ ರಕ್ಷಾಪುಟವೂ ಒಂದೇ ತರಹ: ನೀಲಿ ಸಮುದ್ರ, ಬಿಳಿ ಮನೆ, ಒಂದು ಹುಲ್ಲಿನ ಟೋಪಿ. ಹಿಂದೆ, ರಜೆಗೆ ಹೇಳಿ ಮಾಡಿಸಿದ ಓದು ಎಂಬ ಅರ್ಥದ ಒಂದು ಸಾಲು. ಇವನ್ನು ಚಿಕ್ಕಮ್ಮ ಯಾಕೆ ಇಟ್ಟುಕೊಂಡಳೋ. ಅವಳು ಓದಿದ್ದು ಪಿಯುಸಿ, ಅದೂ ಕನ್ನಡ ಮೀಡಿಯಂ.

ಎಲ್ಲಕ್ಕಿಂತ ಮೇಲಿದ್ದದ್ದನ್ನು ತೆಗೆದುಕೊಂಡೆ. ಕೊನೆ ಗೊತ್ತಿಲ್ಲದೆ ನನಗೆ ಯಾವ ಪುಸ್ತಕವೂ ಓದಲಾಗುವುದಿಲ್ಲ, ಮೊದಲು ಕೊನೆ ನೋಡಿಕೊಳ್ಳುತ್ತೇನೆ. ಇದಕ್ಕೆ ಕೊನೆಯೇ ಇಲ್ಲ. ಹಾಳೆಗಳನ್ನು ಹರಿದುಕೊಂಡಿದ್ದಾರೆ. ಲೆಕ್ಕ ಹಾಕಿದೆ, ಹದಿಮೂರು ಹಾಳೆ, ಇಪ್ಪತ್ತಾರು ಪುಟ.

ಬೇರೆ ತೆಗೆದುಕೊಳ್ಳಬಹುದಿತ್ತು. ಏಳಲು ಬೇಜಾರು.

ಜೂನ್ 18, ಬುಧವಾರ

ಮನೆಯೊಳಗೆ ಕತ್ತಲೆ, ಹೊಗೆ. ಅದಕ್ಕೆ ಬಲೆ ಚಪ್ಪರಕ್ಕೆ ಹೋಗಿ ಕೂತೆ. ತಗಡು ಹೊದಿಸಿದ ಉದ್ದ ಚಪ್ಪರ, ಒಂದು ಬದಿ ಹೊಳೆಗೆ ತೆರೆದಿದೆ, ಬೆಳಕಿದೆ. ಬೋಟಿನ ನಾಲ್ಕು ಜನ ದಿನವೂ ಅಲ್ಲಿ ಬಲೆ ರಿಪೇರಿ ಮಾಡುತ್ತಾರೆ: ಅಜ್ಜ, ಚಿಕ್ಕಪ್ಪ, ಪಕ್ಕದ ಮನೆಯ ವಿನಾಯಕಣ್ಣ, ಮತ್ತೆ ಚೌಡಜ್ಜ. ಚೌಡಜ್ಜನಿಗೆ ಅಜ್ಜನಿಗಿಂತ ಹೆಚ್ಚು ವಯಸ್ಸಾಗಿದೆ, ಮೀನಿನ ವಿಷಯ ಬಿಟ್ಟರೆ ಮಾತಿಲ್ಲ. ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಕೆಲಸ ಮಾಡುತ್ತಿದ್ದವರು ಈಗ ಎಲ್ಲರ ಮೊಬೈಲೂ ಸತ್ತು ಮಳೆ ಕೇಳುತ್ತ ಕೂತಿದ್ದರು.

ಅದರಲ್ಲಿ ಎಂತ ಇದೆ ಅಂತ ಅಜ್ಜ ಕೇಳಿದ. ಒಬ್ಬಳು ಹೆಂಗಸು ದ್ವೀಪಕ್ಕೆ ಹೋಗುತ್ತಾಳೆ ಅಂದೆ.

"ನಾವೂ ದ್ವೀಪದಲ್ಲೇ ಕೂತದ್ದು," ವಿನಾಯಕಣ್ಣ ಹೇಳಿದ. "ನಮ್ಮನ್ನ ನೋಡೂಕೆ ಯಾವಳೂ ಬರೂದಿಲ್ಲ."

ನಮಗೆ ಗೊತ್ತಾಗುವ ಹಾಗೆ ಓದು ಅಂದ ಅಜ್ಜ. ಕಾಲೇಜಿನಲ್ಲಿ ಅಟೆಂಡೆನ್ಸ್ ಹೇಳಲೂ ನನಗೆ ಸಂಕೋಚ. ಆದರೆ ಇವರು ಯಾರೂ ನನ್ನ ಮುಖ ನೋಡುವುದಿಲ್ಲ, ಬಲೆಯ ಕಣ್ಣು ನೋಡುತ್ತಾರೆ. ಒಂದು ಸಾಲು ಇಂಗ್ಲಿಷಿನಲ್ಲಿ ಮನಸ್ಸಲ್ಲೇ ಓದಿ ಕನ್ನಡದಲ್ಲಿ ಹೇಳಿದೆ. ನಾಯಕಿ ಮಾರ್ಗೊ, ಮೂವತ್ತೆಂಟು ವರ್ಷ, ಮಳೆ ಸುರಿಯುವ ದೊಡ್ಡ ಊರು. ಗಂಡ ಡೇವಿಡ್ ಊಟದ ಹೊತ್ತಿಗೂ ಫೋನಿನಿಂದ ತಲೆ ಎತ್ತುವುದಿಲ್ಲ. ಹನ್ನೊಂದನೇ ಪುಟದಲ್ಲಿ ಅವಳು ಬ್ಯಾಗ್ ಹಿಡಿದು ಹೊರಡುತ್ತಾಳೆ.

ಮಾರ್ಗೊ ಅಂತ ಬೇವಿನ ಸಾಬೂನು ಇತ್ತಲ್ಲ ಅಂದ ವಿನಾಯಕಣ್ಣ. ಡೇವಿಡ್ ಆಗಲೇ ದಾವೀದ ಆಗಿದ್ದ, ಹೊನ್ನಾವರದ ಐಸ್ ಪ್ಲಾಂಟಿನಲ್ಲಿ ಒಬ್ಬ ದಾವೀದ ಇದ್ದನಂತೆ.

ಚಿಕ್ಕಪ್ಪನ ಬಲೆ ಸೂಜಿ ಸ್ವಲ್ಪ ಹೊತ್ತು ನಿಂತಿತ್ತು.

ಜೂನ್ 20, ಶುಕ್ರವಾರ

ಕರೆಂಟ್ ಬಂತು. ರಿಸಲ್ಟ್ ಬಂದಿಲ್ಲ. ಹದಿನೈದು ಸಲ ನೋಡಿದೆ.

ಚಪ್ಪರದಿಂದ ಕರೆ ಬಂತು, ಕತೆ ಹೇಳುವವಳು ಎಲ್ಲಿ ಅಂತ. ಹೋದೆ. ಮಾರ್ಗೊ ದ್ವೀಪ ತಲುಪಿದಳು, ಸತ್ತ ದೊಡ್ಡಮ್ಮನ ಬೇಕರಿಯ ಬೀಗ ತೆಗೆದಳು. ಪುಟಗಟ್ಟಲೆ ನಿಂಬೆಹಣ್ಣಿನ ಕೇಕು. ಚೌಡಜ್ಜ ಆ ಸಮುದ್ರದಲ್ಲಿ ಎಂತ ಮೀನು ಸಿಗುತ್ತದೆ ಅಂತ ಕೇಳಿದ. ಪುಸ್ತಕದಲ್ಲಿ ಮೀನಿನ ಹೆಸರು ಇಲ್ಲ, ಗ್ರಿಲ್ ಮಾಡಿದ ಮೀನು ಅಂತ ಮಾತ್ರ ಇದೆ. ಚೌಡಜ್ಜ ತಲೆ ಅಲ್ಲಾಡಿಸಿದ.

ಆಮೇಲೆ ವಿನಾಯಕಣ್ಣ ಕೇಳಿದ, "ಅಲ್ಲಾ ತಂಗಿ, ಆ ದಾವೀದ ಈಗ ಉಣ್ಣೂದು ಎಂತ?"

ಮುಂದಿನ ಪುಟಗಳ ಮೇಲೆ ಕಣ್ಣಾಡಿಸಿದೆ. ದಾವೀದ ಎಲ್ಲೂ ಇಲ್ಲ. ಅವನನ್ನು ಹನ್ನೊಂದನೇ ಪುಟದಲ್ಲಿ ಬಿಟ್ಟ ಲೇಖಕಿ ತಿರುಗಿ ನೋಡಿಲ್ಲ. ನಾಲ್ಕು ಜನ ಕಾಯುತ್ತಿದ್ದರು.

ಬ್ರೆಡ್ಡು ಅಂದೆ.

"ಪಾಪ," ಅಂದ ಚೌಡಜ್ಜ.

ಒಂದೇ ಶಬ್ದ. ಅದೂ ಸುಳ್ಳು ಅನ್ನುವುದಾದರೆ ಸುಳ್ಳು.

ಜೂನ್ 24, ಮಂಗಳವಾರ

ಕತೆಯಲ್ಲಿ ಹಸಿರು ಕಣ್ಣಿನ ಬೋಟಿನವನು ಬಂದಿದ್ದಾನೆ. ಒಂದು ಕೈಯಲ್ಲಿ ಗ್ಲಾಸು ಹಿಡಿದು ಇನ್ನೊಂದು ಕೈಯಲ್ಲಿ ಬೋಟು ನಡೆಸುತ್ತಾನೆ, ಬಂಡೆಗಳ ನಡುವೆ, ಗಾಳಿ ಏಳುವ ಹೊತ್ತಿನಲ್ಲಿ. ಅಜ್ಜ ಕೆಲಸ ನಿಲ್ಲಿಸಿದ.

"ಇದನ್ನ ಬರೆದ ಹೆಂಗಸು ಬೋಟಿನ ಮೇಲೆ ಕಾಲಿಟ್ಟವಳಲ್ಲ."

ಮೊದಲ ಪುಟದಲ್ಲಿ ಲೇಖಕಿ ಓದುಗರಿಗೆ ಒಂದು ಪತ್ರ ಬರೆದಿದ್ದಾಳೆ. ಅದನ್ನೂ ಹೇಳಿದೆ. ಎರಡು ವಾರ ರಜೆಗೆ ಹೋಗಿದ್ದಳಂತೆ, ಕಡಲ ಪಕ್ಕದ ಹೋಟೆಲಿನಲ್ಲಿ ಶರಬತ್ತು ಕುಡಿಯುತ್ತ ಕೂತಾಗ ಮಾರ್ಗೊ ತಾನಾಗಿ ಬಂದು ಎದುರು ಕುರ್ಚಿಯಲ್ಲಿ ಕೂತಳಂತೆ, ಇಡೀ ಕಥೆ ಹೇಳಿದಳಂತೆ. ಸ್ಫೂರ್ತಿ ಅಂದರೆ ಅದು.

"ಎರಡು ವಾರ ಹೋಟೆಲಲ್ಲಿ ಕೂತರೆ ನನಗೂ ಬತ್ತಾಳೆ," ಅಂದ ವಿನಾಯಕಣ್ಣ.

ಅಜ್ಜ ನಕ್ಕ. ನನಗೆ ಆ ಲೇಖಕಿಯ ಮೇಲೆ ಹೊಟ್ಟೆಕಿಚ್ಚಾಯಿತು. ಯಾರೋ ಬಂದು ಕೂತು ಎಲ್ಲ ಹೇಳಿಬಿಡುವುದು ಎಷ್ಟು ಸುಲಭ. ನನ್ನ ಎದುರು ಕೂತವರು ಬರೀ ಪ್ರಶ್ನೆ ಕೇಳುತ್ತಾರೆ.

ಜೂನ್ 26, ಗುರುವಾರ

ಆಷಾಢ ಶುರು. ಈಗ ಅಜ್ಜಿ ಹೇಳುವುದಕ್ಕೆ ಅರ್ಧ ನಿಜದ ಬಲ ಬಂತು. ಮೀನು ಒಣಗಿಸುವ ಕಟ್ಟೆಯಲ್ಲಿ ಯಾರೋ ಕೇಳಿದ್ದಕ್ಕೆ ಜೋರಾಗಿ ಹೇಳುವುದು ಕೇಳಿಸಿತು.

ನಾನು ದಾವೀದನಿಗೆ ಅನ್ನ ಬೇಯಿಸಲು ಕಲಿಸಿದೆ. ಅವನು ತಳ ಹಿಡಿಸಿಕೊಂಡ. ಎಲ್ಲರಿಗೂ ಖುಷಿಯಾಯಿತು.

ಜೂನ್ 30, ಸೋಮವಾರ

ಇವತ್ತು ಗೊತ್ತಾಯಿತು. ಗೊತ್ತಾಗದಿದ್ದರೆ ಒಳ್ಳೆಯದಿತ್ತು.

ಪುಸ್ತಕ ಇನ್ನೆಷ್ಟು ಉಳಿದಿದೆ ಅಂತ ವಿನಾಯಕಣ್ಣ ಕೇಳಿದ. ಕೊನೆಯ ಹಾಳೆಗಳು ಹರಿದುಹೋಗಿವೆ ಎಂದು ಹಿಡಿದು ತೋರಿಸಿದೆ. ಅವನು ನಗುತ್ತ ಶುರುಮಾಡಿದ, "ಓ, ಇದಾ. ನಾವು ಎಂಜಿನ್ ಬಿಚ್ಚಿದ ದಿನ ಕೈ ಒರೆಸೂಕೆ ರಾಜೇಶ..." ಅಷ್ಟಕ್ಕೇ ನಿಲ್ಲಿಸಿದ. ಅಜ್ಜ ಅವನನ್ನು ನೋಡಿದ ರೀತಿಗೆ.

ಚಿಕ್ಕಪ್ಪ ಎದ್ದು ಹೊಳೆಯ ಕಡೆ ಹೋದ, ಮಳೆಯಲ್ಲೇ.

ಆಮೇಲೆ ಉಳಿದದ್ದನ್ನು ಅಜ್ಜ ಹೇಳಿದ. ಚಿಕ್ಕಮ್ಮ ಆ ಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ತಿಂಗಳುಗಟ್ಟಲೆ ಓದುತ್ತಿದ್ದಳು. ಕೊನೆಗೆ ಬಂದಿದ್ದಳು. ಆ ದಿನ ಎಂಜಿನ್ ಕೆಲಸದ ನಡುವೆ ಚಿಕ್ಕಪ್ಪ ಮನೆಗೆ ಬಂದವನು ಪುಸ್ತಕದ ಹಿಂದಿನಿಂದ ಒಂದು ಹಿಡಿ ಹಾಳೆ ಕಿತ್ತು ಎಣ್ಣೆಯ ಕೈ ಒರೆಸಿದ. ಅವಳು ಜಗಳ ಮಾಡಲಿಲ್ಲ. ಆ ಹಾಳೆಗಳನ್ನು ಹೆಕ್ಕಿ ನೋಡಿದಳು, ಒಂದಕ್ಷರ ಕಾಣುತ್ತಿರಲಿಲ್ಲ. ಬಟ್ಟೆ ಮಡಚಿದಳು.

"ಬೇಕೂಂತ ಮಾಡಿದ್ದಲ್ಲ ಮಗಾ," ಅಜ್ಜ ಹೇಳಿದ. "ಅವನಿಗೆ ಅದು ರದ್ದಿ ಅಂತ."

ಅವಳು ಇಪ್ಪತ್ತಾರು ಪುಟದ ದೂರದಲ್ಲಿ ನಿಂತಿದ್ದಳು. ನಾನೂ ಈಗ ಅಲ್ಲೇ ಹೋಗಿ ನಿಲ್ಲುತ್ತೇನೆ.

ಜುಲೈ 2, ಬುಧವಾರ

ಓದಲಿಲ್ಲ. ತಲೆನೋವು ಅಂದೆ. ಮಳೆ.

ಜುಲೈ 5, ಶನಿವಾರ

ಪುಸ್ತಕ ಇರುವಷ್ಟು ಮುಗಿಯಿತು. ಮಾರ್ಗೊ ಬೇಕರಿಯ ನೀಲಿ ಬಾಗಿಲಿನ ಹತ್ತಿರ ನಿಂತಿದ್ದಾಳೆ, ಬೋಟಿನವನು ಉಂಗುರ ತಂದಿದ್ದಾನೆ, ಆಮೇಲೆ ಹರಿದ ಅಂಚು. ಉಳಿದದ್ದನ್ನು ಊಹಿಸಲು ಪದವಿ ಬೇಕಾಗಿಲ್ಲ. ಮದುವೆ ಆಗುತ್ತದೆ, ನಿಂಬೆ ಕೇಕು ಕತ್ತರಿಸುತ್ತಾರೆ.

ಹಾಗೇ ಹೇಳಲು ಬಾಯಿ ತೆರೆದೆ. ಚಿಕ್ಕಪ್ಪ ನನ್ನನ್ನೇ ನೋಡುತ್ತಿದ್ದ. ಇಷ್ಟು ದಿನದಲ್ಲಿ ಮೊದಲ ಸಲ ಬಲೆ ಬಿಟ್ಟು ನನ್ನ ಮುಖ ನೋಡುತ್ತಿದ್ದ.

"ಕೊನೆ ನಿಂಗೆ ಗೊತ್ತುಂಟಾ?" ಕೇಳಿದ.

ಗೊತ್ತಿಲ್ಲ ಅನ್ನಬೇಕಿತ್ತು. ಇದೇ ಪುಸ್ತಕ ಹಾಸ್ಟೆಲಿನಲ್ಲಿ ಫ್ರೆಂಡ್ ಹತ್ತಿರ ಇದೆ, ಫೋನಿನಲ್ಲಿ ಕೇಳಿ ಹೇಳುತ್ತೇನೆ ಅಂದುಬಿಟ್ಟೆ. ಯಾವ ಫ್ರೆಂಡ್? ನನಗೆ ಹಾಸ್ಟೆಲಿನಲ್ಲಿ ಮಾತಾಡುವವರು ಮೂರು ಜನ, ಮೂವರೂ ಕೆಮಿಸ್ಟ್ರಿ ಗೈಡ್ ಬಿಟ್ಟು ಬೇರೆ ಓದುವುದಿಲ್ಲ.

ಜುಲೈ 8, ಮಂಗಳವಾರ

ಬೆಳಿಗ್ಗೆ ಎದ್ದು ಬರೆಯುತ್ತೇನೆ, ಆಮೇಲೆ ಹೇಳುತ್ತೇನೆ. ಕೆಮಿಸ್ಟ್ರಿ ನೋಟ್ಸಿನ ಹಿಂದಿನ ಪುಟಗಳು ತುಂಬಿದವು, ಫೋನಿನಲ್ಲಿ ಕೇಳಿ ಬರೆದುಕೊಂಡದ್ದು ಅಂತ ಎಲ್ಲರ ಲೆಕ್ಕ.

ದಾವೀದ ಹೊರಟಿದ್ದಾನೆ. ದೋಣಿ ಬಾಡಿಗೆಗೆ ಹಿಡಿದಿದ್ದಾನೆ, ಏಕೆಂದರೆ ದೊಡ್ಡ ಬೋಟು ಗಾಳಿಗೆ ನಿಂತಿದೆ. ಅರ್ಧ ದಾರಿಯಲ್ಲಿ ದೋಣಿಗೆ ನೀರು ನುಗ್ಗಬೇಕು ಅನಿಸಿತು, ಆದರೆ ಹೇಗೆ ನುಗ್ಗುತ್ತದೆ ನನಗೇನು ಗೊತ್ತು. ಅಜ್ಜನನ್ನು ಕೇಳಿದೆ, ಸುಮ್ಮನೆ ಕೇಳಿದ ಹಾಗೆ. ನೀರೆತ್ತುವ ಪಂಪಿಗೆ ಕಸ ಸಿಕ್ಕರೆ ಏನಾಗುತ್ತದೆ, ಯಾವ ಬದಿ ಮೊದಲು ವಾಲುತ್ತದೆ, ಊಟದ ಡಬ್ಬದಲ್ಲಿ ನೀರು ಎತ್ತಿ ಎತ್ತಿ ಹಾಕುವಾಗ ಎಷ್ಟು ಹೊತ್ತಿಗೆ ಭುಜ ಸತ್ತುಹೋಗುತ್ತದೆ, ಎಲ್ಲ ಹೇಳಿದ. ಅವನಿಗೇ ಒಂದು ಸಲ ಆದದ್ದು, ಕಾಸರಕೋಡಿನ ಆಚೆ, ಅಪ್ಪ ಹುಟ್ಟಿದ ವರ್ಷ. ಒಂದೂವರೆ ತಾಸು ನಾನು ಅಜ್ಜನ ಜೊತೆ ಮಾತಾಡಿದೆ.

ಸಂಜೆ ಅದನ್ನೇ ಓದಿ ಹೇಳಿದಾಗ ಚಪ್ಪರದಲ್ಲಿ ಎಲ್ಲರ ಸೂಜಿಯೂ ನಿಂತಿತು. ವಿನಾಯಕಣ್ಣ ನಡುವೆ ಬಾಯಿ ಹಾಕಿದ್ದಕ್ಕೆ ನಾನು, ಸುಮ್ಮನೆ ಕೂತರೆ ಮುಂದೆ ಹೇಳುತ್ತೇನೆ ಅಂದೆ. ಅವನು ಸುಮ್ಮನೆ ಕೂತ.

"ಹೆಂಗಸಿಗೆ ಬುದ್ಧಿ ಬಂತು ನೋಡು," ಅಂದ ಚೌಡಜ್ಜ ಕೊನೆಗೆ. ಲೇಖಕಿಯ ಬಗ್ಗೆ.

ಜುಲೈ 10, ಗುರುವಾರ

ಕೊನೆ ಹೇಳಿದೆ. ದಾವೀದ ನೆನೆದು ತೊಪ್ಪೆಯಾಗಿ ಬೇಕರಿಯ ಎದುರು ಬಂದ. ಬಾಗಿಲು ಬಡಿಯಲಿಲ್ಲ. ಅಂಗಡಿ ಮುಚ್ಚುವವರೆಗೆ ಹೊರಗೆ ಬೆಂಚಿನ ಮೇಲೆ ಕೂತ. ಮಾರ್ಗೊ ಹೊರಗೆ ಬಂದಾಗ, ನೀನು ಮಾತಾಡಿದ್ದು ಇಷ್ಟು ವರ್ಷ ನನ್ನ ಕಿವಿಗೆ ಬಿದ್ದಿತ್ತು, ಕೇಳಿಸಿರಲಿಲ್ಲ, ಅಂದ.

ಅಲ್ಲಿಗೆ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆದರೆ ಚಿಕ್ಕಪ್ಪ ಮುಂದೆ ಬಾಗಿ ಕೂತಿದ್ದ, ಬಾಗಿಲು ತೆಗೆಯದೆ ನನ್ನ ಕೈಯಲ್ಲಿ ಆಗಲಿಲ್ಲ. ನೀಲಿ ಬಾಗಿಲು ಪೂರ್ತಿ ತೆರೆಯಿತು. ಬೋಟಿನವನಿಗೆ ಉಂಗುರ ವಾಪಸ್ ಕೊಟ್ಟಳು. ಇಬ್ಬರೂ ಊರಿಗೆ ಹೋದರು.

ನಿರಾಳವಾಯಿತು. ಸುಸ್ತಾಯಿತು. ಅಜ್ಜಿ ಮಾಡಿದ ಒಣ ಸಿಗಡಿ ಚಟ್ನಿಯಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡೆ.

ಜುಲೈ 12, ಶನಿವಾರ

ಚಿಕ್ಕಪ್ಪ ನಿನ್ನೆಯಿಂದ ನನ್ನ ಹಿಂದೆ ಬಿದ್ದಿದ್ದಾನೆ. ಅಡುಗೆಮನೆ ಮೆಟ್ಟಿಲ ಮೇಲೆ ಕೂತು, ಆ ಕೊನೆಯದನ್ನು ಇನ್ನೊಂದು ಸಲ ಹೇಳು ಅಂದ. ಹೇಳಿದೆ. ಬಟ್ಟೆ ಹಿಂಡುವಾಗ ಬಂದು ಮತ್ತೆ ಕೇಳಿದ. ಮೂರನೇ ಸಲ ಅವನೇ ಹೇಳಿದ, ನಾನು ತಪ್ಪು ತಿದ್ದಿದೆ. ಪಂಪು ಕಟ್ಟಿದ್ದು ಮೊದಲೋ ಗಾಳಿ ಎದ್ದದ್ದು ಮೊದಲೋ ಅನ್ನುವಲ್ಲಿ ಎಡವುತ್ತಾನೆ.

ಯಾಕೆ ಇಷ್ಟು ಅಂತ ಕೇಳಿದೆ.

"ಅವಳು ಓದಿ ಮುಗಿಸಿರಲಿಲ್ಲ," ಅಂದ. "ಹರಿದದ್ದು ನಾ. ನಾನೇ ಹೇಳಿ ಬರ್ತೆ. ನಾಳೆ ಶಿರಾಲಿಗೆ ಹೋಗ್ತೆ."

ಆ ಹೊತ್ತಿಗೆ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅವನು ಎದ್ದು ಗಡ್ಡ ತೆಗೆಯಲು ಕನ್ನಡಿ ಹುಡುಕುತ್ತಿದ್ದ. ಮೇ ತಿಂಗಳಿನಿಂದ ಬಿಟ್ಟ ಗಡ್ಡ.

ಜುಲೈ 13, ಭಾನುವಾರ

ಬೆಳಿಗ್ಗೆ ಹೋದವನು ಸಂಜೆ ಬಂದ. ಊಟಕ್ಕೆ ಕೂತಾಗ, ಸಾರು ಚಲೋ ಆಯ್ದು ಅಂದ. ಅಜ್ಜಿ ಸೌಟು ಹಿಡಿದು ಹಾಗೇ ನಿಂತಳು.

ಜುಲೈ 16, ಬುಧವಾರ

ಚಿಕ್ಕಮ್ಮ ಫೋನ್ ಮಾಡಿದಳು. ಆ ಕಡೆ ಹೊಲಿಗೆ ಮಿಷನ್ ಶಬ್ದ ಬರುತ್ತಿತ್ತು, ಬೇರೆ ಯಾರದೋ ಮಿಷನ್. ಆಮೇಲೆ ಅದು ನಿಂತಿತು.

"ದೀಕ್ಷಾ, ಆ ಪುಸ್ತಕ ನಾ ಎಂಟು ತಿಂಗಳು ಓದಿದ್ದು. ಹನ್ನೊಂದನೇ ಪುಟ ಆದ ಮೇಲೆ ಅದರಲ್ಲಿ ಗಂಡನ ಹೆಸರೇ ಇಲ್ಲ. ಅಷ್ಟು ದಪ್ಪ ಪುಸ್ತಕದಲ್ಲಿ ಇಲ್ಲದವ ಕೊನೆಗೆ ದೋಣಿ ಹತ್ತಿ ಬರೂದು ಹ್ಯಾಂಗೆ?"

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಪಂಪಿಗೆ ಕಸ ಸಿಕ್ಕಿತು ಅಂದ. ಆಗ್ಲೇ ಗೊತ್ತಾತು. ಅದು ಮಾವನ ಕತೆ, ನಾ ಮದುವೆಯಾಗಿ ಬಂದ ವರ್ಷವೇ ಕೇಳಿದ್ದೆ. ಅವ ಸಣ್ಣಿರುವಾಗಿಂದ ಕೇಳಿರಬೇಕು, ಕಿವಿಗೆ ಹಾಕ್ಕೊಂಡಿಲ್ಲ."

ಸಾರಿ ಅಂದೆ. ಅವಳು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಚಿಕ್ಕಪ್ಪ ಜಗಲಿಯಲ್ಲಿ ಕೂತು ಎರಡು ತಾಸು ಮಾತಾಡಿದನಂತೆ. ಆರು ವರ್ಷದ್ದು ಒಟ್ಟು ಸೇರಿಸಿದರೂ ಅಷ್ಟು ಆಗುವುದಿಲ್ಲವಂತೆ. ಅವಳ ಅಣ್ಣ, ಅತ್ತಿಗೆ, ಪಕ್ಕದ ಮನೆಯವರು ಕೂಡ ಬಂದು ಕೂತರಂತೆ. ಒಂದು ಕಡೆ ತಪ್ಪಿದಾಗ ಹಿಂದೆ ಹೋಗಿ ಸರಿಮಾಡಿಕೊಂಡು ಬಂದನಂತೆ.

"ಕೇಳೂಕೆ ಚಂದ ಇತ್ತು ಮಾರಾಯ್ತಿ. ಅದೇ ಬೇಜಾರು. ಅದರಲ್ಲಿ ಒಂದು ಮಾತೂ ಅವಂದಲ್ಲ."

ಆ ಕಡೆ ಮಿಷನ್ ಒಂದೆರಡು ಹೊಲಿಗೆ ಓಡಿ ಮತ್ತೆ ನಿಂತಿತು.

"ಮಾರ್ಗೊ ಬಾಗಿಲು ತೆಗೆದಳು ಅಂತ ಹೇಳಿ ಅವ ನನ್ನ ಮುಖ ನೋಡ್ತ ಕೂತ. ಎಲ್ಲರೂ ನನ್ನೇ ನೋಡ್ತಿದ್ರು. ನಾ ಎಂತ ಮಾಡಬೇಕಿತ್ತು ಹೇಳು. ನೀ ತೆಗೆಸಿದ ಬಾಗಿಲು ಅದು."

ಚಾ ತರುತ್ತೇನೆ ಅಂತ ಒಳಗೆ ಹೋದವಳು ಹೊರಗೆ ಬರಲಿಲ್ಲವಂತೆ. ಅವನು ಕಾದು ಎದ್ದು ಹೋದನಂತೆ.

ಅವನಿಗೆ ನಿಜ ನೀನು ಹೇಳುತ್ತೀಯೋ ನಾನು ಹೇಳಲೋ ಅಂತ ಕೇಳಿ ಫೋನ್ ಇಟ್ಟಳು. ಗಾಡಿಯ ವಿಷಯ ಕೇಳಲು ನನಗೆ ಧೈರ್ಯ ಬರಲಿಲ್ಲ.

ಜುಲೈ 17, ಗುರುವಾರ

ಹೇಳಲಿಲ್ಲ.

ಜುಲೈ 18, ಶುಕ್ರವಾರ

ಹೇಳಲಿಲ್ಲ. ಚಿಕ್ಕಪ್ಪ ಹೊಲಿಗೆ ಮಿಷನ್ನಿನ ಕೆಳಗೆ ಕಟ್ಟಿದ ಜೇಡರ ಬಲೆ ಗುಡಿಸುತ್ತಿದ್ದ.

ಜುಲೈ 19, ಶನಿವಾರ

ಚಪ್ಪರದಲ್ಲಿ ವಿನಾಯಕಣ್ಣ, ಆ ಹೆಂಗಸು ಬರೆದದ್ದು ಬೇರೆ ಪುಸ್ತಕ ಇದ್ದರೆ ಶುರುಮಾಡು, ಸಮುದ್ರ ಕಂಡವಳು ಅವಳು ಅಂದ. ನಾನು ನಿಂತುಕೊಂಡೇ ಹೇಳಿದೆ. ಅವಳು ಕಂಡಿಲ್ಲ. ದಾವೀದ ಉಂಡ ಬ್ರೆಡ್ಡಿನಿಂದ ಹಿಡಿದು ಎಲ್ಲ ನಾನು ಕಟ್ಟಿದ್ದು. ಫ್ರೆಂಡೂ ಇಲ್ಲ, ಫೋನೂ ಮಾಡಿಲ್ಲ. ಕೊನೆ ನನ್ನದು. ನಿಜವಾದ ಕೊನೆಯಲ್ಲಿ ಅವಳು ಬೋಟಿನವನನ್ನು ಮದುವೆಯಾಗಿರಬೇಕು, ಅದೂ ನನಗೆ ಗೊತ್ತಿಲ್ಲ.

"ಹಾಂಗಾರೆ ಆ ಪಂಪು?" ವಿನಾಯಕಣ್ಣನಿಗೆ ಎಲ್ಲಕ್ಕಿಂತ ಅದೇ ದುಃಖ.

"ಪಂಪು ನಂದು," ಅಂದ ಅಜ್ಜ, ತಗ್ಗಿಸಿದ ತಲೆ ಎತ್ತದೆ.

ಚಿಕ್ಕಪ್ಪ ಸೂಜಿಯನ್ನು ಬಲೆಗೆ ಸಿಕ್ಕಿಸಿದ. ಎದ್ದ. ನನ್ನ ಎದುರು ಬಂದು ನಿಂತಾಗ ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ಆಗುತ್ತಿತ್ತು.

"ಅವಳಿಗೆ ಗೊತ್ತಾ?"

ಹೌದು ಅಂದೆ.

"ಯಾವಾಗಿಂದ?"

ನೀನು ಹೇಳುತ್ತಿರುವಾಗಲೇ ಅಂದೆ.

ಎರಡು ತಾಸು ಹೇಳಿದವನು ಅದನ್ನು ಮನಸ್ಸಿನಲ್ಲಿ ಇನ್ನೊಂದು ಸಲ ಮೊದಲಿನಿಂದ ಕೇಳಿಕೊಳ್ಳುತ್ತಿದ್ದಾನೆ ಅನಿಸಿತು, ಈ ಸಲ ಅವಳ ಕಿವಿಯಿಂದ. ಕುತ್ತಿಗೆಯವರೆಗೆ ಕೆಂಪಾದ. ಹೊರಗೆ ಹೋದ.

ಜುಲೈ 22, ಮಂಗಳವಾರ

ಚಿಕ್ಕಪ್ಪನಿಗೆ ನನ್ನ ಹತ್ತಿರ ಮಾತಿಲ್ಲ. ಯಾರ ಹತ್ತಿರವೂ ಇಲ್ಲ. ಚಪ್ಪರದಲ್ಲಿ ಮತ್ತೆ ಮೊಬೈಲಿನ ಹಾಡು. ನಾನು ಹೋಗಿ ಕೂತರೆ ಅಜ್ಜ ಒಂದು ಸೂಜಿ ಕೊಟ್ಟ. ಹರಿದ ಕಣ್ಣಿನ ಸುತ್ತ ಮೊದಲು ಇನ್ನಷ್ಟು ಕತ್ತರಿಸಬೇಕು, ಅಂಚು ಸರಿಯಾದ ಮೇಲೇ ಹೊಸ ದಾರ ಹಾಕುವುದು. ನನ್ನದು ನಾಲ್ಕು ಸಲ ಬಿಚ್ಚಿಸಿದ. ಬೆರಳು ಕೊಯ್ದುಕೊಂಡಿದೆ, ಪೆನ್ನು ಹಿಡಿಯಲು ಕಷ್ಟ.

ರಿಸಲ್ಟ್ ನಿನ್ನೆಯೇ ಬಂದಿತ್ತಂತೆ, ನೋಡಲು ಮರೆತಿದ್ದೆ. ಫಿಸಿಕ್ಸ್ ನಲವತ್ತೊಂದು. ಪಾಸು.

ಜುಲೈ 24, ಗುರುವಾರ

ಅಮಾವಾಸ್ಯೆ. ಚಿಕ್ಕಮ್ಮನ ಅಣ್ಣ ಅಜ್ಜನಿಗೆ ಫೋನ್ ಮಾಡಿದ. ಸೋಮವಾರ ಗಾಡಿ ಬರುತ್ತದೆ. ಅಜ್ಜ, ಆತು, ಅಂದ.

ಅಜ್ಜಿ ಮಿಷನ್ನಿಗೆ ಎಣ್ಣೆ ಬಿಟ್ಟು, ಒರೆಸಿ, ಹಳೆಯ ಸೀರೆ ಹೊದಿಸಿದಳು. ಕೊಡುವ ವಸ್ತು ಚೊಕ್ಕ ಇರಬೇಕಂತೆ. ಒರೆಸುವಾಗ ಅತ್ತಳು. ಆಮೇಲೆ ಬೇಲಿಯ ಹತ್ತಿರ ಹೋಗಿ ಪಕ್ಕದ ಮನೆಯವಳಿಗೆ, ಈ ವರ್ಷ ಪಂಚಾಂಗದಲ್ಲಿ ಎರಡು ಆಷಾಢ ಬಂದಿದೆ, ನಿಮಗೆ ಗೊತ್ತಿಲ್ಲವಾ ಅಂದಳು.

ನಾನು ಇನ್ನು ಯಾವತ್ತೂ ಏನನ್ನೂ ಕಟ್ಟಿ ಹೇಳುವುದಿಲ್ಲ.

ಜುಲೈ 25, ಶುಕ್ರವಾರ

ಶ್ರಾವಣ. ಯಾರೂ ಬರಲಿಲ್ಲ. ಮಳೆ ಮಾತ್ರ ನಿಂತು ಸ್ವಲ್ಪ ಹೊಳವಾಯಿತು.

ಜುಲೈ 27, ಭಾನುವಾರ. ಹಾಸ್ಟೆಲ್

ಚಿಕ್ಕಪ್ಪ ಬೈಕಿನಲ್ಲಿ ಹೊನ್ನಾವರ ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ. ಸ್ಟ್ಯಾಂಡಿನಲ್ಲಿ ಬ್ಯಾಗ್ ಇಳಿಸಿ, ನಿಲ್ಲು, ಅವಳು ಬರ್ತಾಳೆ ಅಂದ.

ಯಾರು ಅಂತ ಕೇಳುವಷ್ಟು ದಡ್ಡಿ ನಾನು.

ನಿನ್ನೆ ಅವನೇ ಫೋನ್ ಮಾಡಿದ್ದನಂತೆ. ಆ ಪುಸ್ತಕದ ಕೊನೆ ನಂಗೆ ಗೊತ್ತಿಲ್ಲ ಅಂದನಂತೆ. ಮತ್ತೆ ಯಾಕೆ ಫೋನ್ ಮಾಡಿದಿ ಅಂತ ಅವಳು ಕೇಳಿದಳಂತೆ. ಹಾಳೆ ಹರಿದದ್ದು ಹೇಗೆ ಅನ್ನುವುದು ಗೊತ್ತುಂಟು, ಅದನ್ನು ಹೇಳುತ್ತೇನೆ ಅಂದನಂತೆ. ದೀಕ್ಷಾಳನ್ನು ಬಸ್ಸು ಹತ್ತಿಸಲು ಬರುತ್ತೇನೆ, ಅಷ್ಟು ಹೊತ್ತಿನಲ್ಲಿ ಹೇಳು, ಮುಂದಿನ ಬಸ್ಸಿಗೆ ತಿರುಗಿ ಹೋಗುತ್ತೇನೆ ಅಂದಳಂತೆ. ಇದಿಷ್ಟನ್ನೂ ಚಿಕ್ಕಪ್ಪ ಎದುರಿನ ಗೋಡೆ ನೋಡುತ್ತ ಹೇಳಿದ.

ಚಿಕ್ಕಮ್ಮ ಭಟ್ಕಳ ಕಡೆಯ ಬಸ್ಸಿನಿಂದ ಇಳಿದಳು. ಕೈಯಲ್ಲಿ ಬ್ಯಾಗ್ ಇಲ್ಲ, ಒಂದು ಕೊಡೆ, ಒಂದು ಪರ್ಸು. ನನ್ನ ಕೆನ್ನೆ ಹಿಡಿದು ದಪ್ಪ ಆಗಿದ್ದೀಯ ಅಂದಳು. ಚಿಕ್ಕಪ್ಪನನ್ನು ನೋಡಿ, ಗಡ್ಡ ತೆಗೆದದ್ದು ಸರಿಯಾಗಿಲ್ಲ, ಕಿವಿಯ ಕೆಳಗೆ ಬಿಟ್ಟಿದೆ ಅಂದಳು. ಕುಮಟಾ ಬಸ್ಸು ಬಂದು ನಿಂತಿತ್ತು, ಡ್ರೈವರ್ ಚಾ ಕುಡಿಯಲು ಹೋಗಿದ್ದ.

ನಾನು ದೂರ ಹೋಗಬೇಕು ಅಂದುಕೊಂಡೆ. ಆದರೆ ಚಿಕ್ಕಪ್ಪ ಶುರುಮಾಡಿಬಿಟ್ಟ.

"ಆ ದಿನ ನನ್ನ ಕೈಗೆ ಎಣ್ಣೆ ಅಷ್ಟೇನೂ ಆಗಿರಲಿಲ್ಲ."

ಚಿಕ್ಕಮ್ಮ ಕೊಡೆ ಮಡಚುತ್ತಿದ್ದವಳು ನಿಲ್ಲಿಸಿದಳು.

"ನೀ ಓದ್ತ ನಗ್ತಿದ್ದೆ. ನಾ ಬಂದು ಬಾಗಿಲಲ್ಲಿ ನಿಂತೆ. ಎಷ್ಟು ಹೊತ್ತು ನಿಂತೆ ನಿಂಗೆ ಗೊತ್ತಾಗಲಿಲ್ಲ. ಹಾಂಗೆ ನಗೂದು ನಾ ಕಂಡಿರಲಿಲ್ಲ. ನಮ್ಮ ಮನೆಯಲ್ಲಿ, ನನ್ನ ಮುಂದೆ, ಕಂಡಿರಲಿಲ್ಲ. ಅದು ಯಾರು ಹೇಳಿದ ಮಾತಿಗೆ ನಗ್ತಿ ಅಂತ..." ಅಲ್ಲಿ ನಿಂತ. ಮುಂದಿನದು ಸಿಗಲಿಲ್ಲ. ತಿದ್ದಿ ಹೇಳಲು ಈ ಸಲ ನನಗೂ ಗೊತ್ತಿರಲಿಲ್ಲ.

ಡ್ರೈವರ್ ಬಂದ. ನಾನು ಹತ್ತಿದೆ. ಚಿಕ್ಕಮ್ಮ ನನ್ನ ಬ್ಯಾಗನ್ನು ಕಿಟಕಿಯಿಂದ ಕೊಟ್ಟಳು, ಕೊಡುವಾಗ ನನ್ನನ್ನು ನೋಡಲಿಲ್ಲ. ಅಷ್ಟರಲ್ಲಿ ಭಟ್ಕಳ ಬಸ್ಸು ಬಂದು ನಮ್ಮ ಬಸ್ಸಿನ ಪಕ್ಕ ನಿಂತಿತು. ಕಂಡಕ್ಟರ್ ಮುರ್ಡೇಶ್ವರ, ಶಿರಾಲಿ, ಭಟ್ಕಳ ಅಂತ ಕೂಗಿದ. ಬಾಗಿಲಲ್ಲಿ ನಿಂತು ಚಿಕ್ಕಮ್ಮನನ್ನೇ ನೋಡಿ, ಬರ್ತ್ರೇನ್ರೀ ಅಂತ ಕೇಳಿದ.

ಚಿಕ್ಕಮ್ಮ ಚಿಕ್ಕಪ್ಪನ ಮುಖದಿಂದ ಕಣ್ಣು ತೆಗೆಯದೆ, ಹೋಗು ಅನ್ನುವ ಹಾಗೆ ಕಂಡಕ್ಟರನಿಗೆ ಕೈ ಬೀಸಿದಳು.

ಆ ಬಸ್ಸು ಹೋಯಿತು. ನಮ್ಮದೂ ಹೊರಟಿತು. ಎಂಜಿನ್ ಶಬ್ದದಲ್ಲಿ ನನಗೆ ಏನೂ ಕೇಳಿಸಲಿಲ್ಲ. ಚಿಕ್ಕಪ್ಪ ಕೈಯನ್ನು ಒಂದು ಸಲ ಎತ್ತಿ, ಇಳಿಸಿ, ಮತ್ತೆ ಎತ್ತಿ, ಇನ್ನೂ ಹೇಳುತ್ತಲೇ ಇದ್ದ.